ಇಲಿನಾಯ್ ಸೆನೆಟ್‌ನ 13ನೇ ಕ್ಷೇತ್ರ: ಇತಿಹಾಸ ಮತ್ತು ಚುನಾವಣೆಗಳು

ಅಮೆರಿಕದ ಇಲಿನಾಯ್ ರಾಜ್ಯದ ಶಾಸನಸಭೆಯ ಮೇಲ್ಮನೆಗೆ 59 ಕ್ಷೇತ್ರಗಳಿಂದ ಒಬ್ಬೊಬ್ಬ ಸದಸ್ಯರು ಆಯ್ಕೆಯಾಗುತ್ತಾರೆ. ಅವುಗಳಲ್ಲಿ 13ನೆಯದು ಶಿಕಾಗೊ ನಗರದ ದಕ್ಷಿಣ ಭಾಗದಲ್ಲಿ, ಮಿಷಿಗನ್ ಸರೋವರದ ದಂಡೆಗೆ ಒತ್ತಿಕೊಂಡಿರುವ ಕ್ಷೇತ್ರ. ಮುಂದೆ ಅಮೆರಿಕದ ಅಧ್ಯಕ್ಷರಾದ ಬರಾಕ್ ಒಬಾಮ ಮೊದಲ ಬಾರಿ ಜನಪ್ರತಿನಿಧಿಯಾದದ್ದು ಇಲ್ಲಿಂದ. 1997ರಿಂದ 2004ರವರೆಗೆ ಅವರು ಈ ಸ್ಥಾನದಲ್ಲಿದ್ದರು. ಹೊರಗಿನವರಿಗೆ ಕ್ಷೇತ್ರದ ಪರಿಚಯವಿರುವುದು ಇಷ್ಟು ಮಾತ್ರ. ಪ್ರಜಾಪ್ರಭುತ್ವದ ವಿದ್ಯಾರ್ಥಿಗೆ ಇದರಲ್ಲಿ ಕಲಿಯಲು ಇನ್ನೂ ಬಹಳವಿದೆ. ಕಳೆದ ಮೂರು ದಶಕಗಳಲ್ಲಿ ಇಲ್ಲಿ ಯಾರು ಗೆಲ್ಲಬೇಕೆಂಬುದು ಬಹುಪಾಲು ಮತದಾನಕ್ಕೆ ಮೊದಲೇ ನಿರ್ಧಾರವಾಗಿದೆ. ಒಮ್ಮೆ ಅದನ್ನು ನಾಮಪತ್ರದ ಸಹಿಗಳು ನಿರ್ಧರಿಸಿದವು, ಒಮ್ಮೆ ನಕ್ಷೆಯ ಗೆರೆಗಳು, ಹಲವು ಸಲ ಪಕ್ಷದ ಸಮಿತಿ.

ರಾಜ್ಯದ ಎರಡು ಮನೆಗಳು

ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಮತ್ತು ಶಾಸನಸಭೆ ಇದೆ. ನೆಬ್ರಾಸ್ಕವೊಂದನ್ನು ಬಿಟ್ಟರೆ ಉಳಿದ 49 ರಾಜ್ಯಗಳಲ್ಲಿ ಶಾಸನಸಭೆಗೆ ಎರಡು ಮನೆಗಳು. ಕರ್ನಾಟಕದ ವಿಧಾನ ಪರಿಷತ್ತಿನ ಸದಸ್ಯರನ್ನು ಶಾಸಕರು, ಪದವೀಧರರು, ಶಿಕ್ಷಕರು ಮತ್ತು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ, ಕೆಲವರು ನಾಮಕರಣಗೊಳ್ಳುತ್ತಾರೆ. ಅಮೆರಿಕದ ರಾಜ್ಯಗಳಲ್ಲಿ ಎರಡೂ ಮನೆಗಳಿಗೆ ಸಾಮಾನ್ಯ ಮತದಾರರೇ ನೇರವಾಗಿ ಮತ ಹಾಕುತ್ತಾರೆ. ಆದ್ದರಿಂದ ಅಲ್ಲಿ ಪ್ರತಿಯೊಬ್ಬ ಮತದಾರನೂ ಒಂದು ಮೇಲ್ಮನೆ ಕ್ಷೇತ್ರಕ್ಕೂ ಒಂದು ಕೆಳಮನೆ ಕ್ಷೇತ್ರಕ್ಕೂ ಸೇರಿರುತ್ತಾನೆ.

ಇಲಿನಾಯ್‌ನಲ್ಲಿ ಈ ಹೊಂದಾಣಿಕೆ ಬಹಳ ಅಚ್ಚುಕಟ್ಟಾಗಿದೆ. ಒಂದೊಂದು ಸೆನೆಟ್ ಕ್ಷೇತ್ರವನ್ನೂ ಸರಿಯಾಗಿ ಎರಡು ಭಾಗ ಮಾಡಿ ಕೆಳಮನೆಯ 118 ಕ್ಷೇತ್ರಗಳನ್ನು ರಚಿಸಲಾಗಿದೆ. 13ನೇ ಸೆನೆಟ್ ಕ್ಷೇತ್ರದ ಒಳಗೆ ಕೆಳಮನೆಯ 25 ಮತ್ತು 26ನೇ ಕ್ಷೇತ್ರಗಳು ಬರುತ್ತವೆ. 2020ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 1,28,12,508. ಅದನ್ನು 59ರಿಂದ ಭಾಗಿಸಿದರೆ ಒಂದು ಸೆನೆಟ್ ಕ್ಷೇತ್ರಕ್ಕೆ ಸುಮಾರು 2.17 ಲಕ್ಷ ಜನ. ಕರ್ನಾಟಕದ 2011ರ ಜನಸಂಖ್ಯೆಯನ್ನು 224 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಸರಾಸರಿ 2.7 ಲಕ್ಷ ಬರುತ್ತದೆ. ಹೀಗಾಗಿ ಗಾತ್ರದಲ್ಲಿ ಇದು ನಮ್ಮ ಒಂದು ವಿಧಾನಸಭಾ ಕ್ಷೇತ್ರಕ್ಕಿಂತ ತುಸು ಚಿಕ್ಕದು.

ಸೆನೆಟರ್‌ಗಳ ಅವಧಿ ಮಾತ್ರ ಸ್ವಲ್ಪ ವಿಚಿತ್ರ. ಹತ್ತು ವರ್ಷಗಳ ಅವಧಿಯನ್ನು ನಾಲ್ಕು, ನಾಲ್ಕು, ಎರಡು ವರ್ಷಗಳೆಂದು ಮೂರು ತುಂಡು ಮಾಡಲಾಗಿದ್ದು, ಎರಡು ವರ್ಷದ ತುಂಡು ಯಾವ ಸರದಿಯಲ್ಲಿ ಬರುತ್ತದೆ ಎಂಬುದು ಕ್ಷೇತ್ರಗಳ ಗುಂಪಿನ ಮೇಲೆ ಅವಲಂಬಿಸಿದೆ. ಕ್ಷೇತ್ರ ಮರುವಿಂಗಡಣೆಯ ನಂತರದ ಮೊದಲ ಚುನಾವಣೆಯಲ್ಲಿ ಎಲ್ಲ 59 ಸ್ಥಾನಗಳಿಗೂ ಒಟ್ಟಿಗೇ ಮತದಾನ ನಡೆಯಲೆಂದು ಈ ಏರ್ಪಾಟು.

ನೆಲ ಮತ್ತು ಜನ

ಕ್ಷೇತ್ರದ ಎಲ್ಲೆಗಳು ಎಷ್ಟು ಸಲ ಬದಲಾದರೂ ಅದರ ನಡುಮನೆ ಹೈಡ್ ಪಾರ್ಕ್ ಬಡಾವಣೆಯೇ ಆಗಿ ಉಳಿದಿದೆ. ಪ್ರತ್ಯೇಕ ಪಟ್ಟಣವಾಗಿದ್ದ ಹೈಡ್ ಪಾರ್ಕ್ 1889ರಲ್ಲಿ ಶಿಕಾಗೊ ನಗರಕ್ಕೆ ಸೇರಿತು. ಮರುವರ್ಷ, 1890ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1893ರ ವಿಶ್ವ ವಸ್ತುಪ್ರದರ್ಶನ ನಡೆದದ್ದು ಪಕ್ಕದ ಜಾಕ್ಸನ್ ಪಾರ್ಕ್‌ನಲ್ಲಿ. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಇದೇ ಪ್ರದರ್ಶನದ ಅಂಗವಾಗಿತ್ತು, ಆದರೆ ಅದರ ಸಭೆಗಳು ನಗರದ ಮಧ್ಯಭಾಗದಲ್ಲಿ ಜರುಗಿದವು.

ಕನ್ನಡಿಗರಿಗೆ ಈ ನೆಲದೊಂದಿಗೆ ಇನ್ನೂ ಹತ್ತಿರದ ನಂಟಿದೆ. ಮೈಸೂರಿನಲ್ಲಿ ಹುಟ್ಟಿದ ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ವಚನಗಳನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ ಅವರ ಅನುವಾದ ಸಂಕಲನ 1973ರಲ್ಲಿ ಪ್ರಕಟವಾದಾಗ ಅವರು ಇಲ್ಲಿಯೇ ಇದ್ದರು.

ಕ್ಷೇತ್ರದ ಉಳಿದ ಭಾಗಗಳ ಕಥೆ ಬೇರೆ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ದಕ್ಷಿಣದ ರಾಜ್ಯಗಳ ಬಡತನ ಮತ್ತು ಜನಾಂಗೀಯ ಹಿಂಸೆಯಿಂದ ಪಾರಾಗಲು ಲಕ್ಷಾಂತರ ಕಪ್ಪು ಜನರು ಶಿಕಾಗೊಗೆ ವಲಸೆ ಬಂದರು. ಮನೆಯನ್ನು ಕಪ್ಪು ಜನರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ಬಿಳಿಯ ಮಾಲೀಕರು ತಮ್ಮತಮ್ಮಲ್ಲೇ ಬರೆದುಕೊಂಡ ಕರಾರುಗಳು ಅವರನ್ನು ದಕ್ಷಿಣ ಶಿಕಾಗೊದ ಕಿರಿದಾದ ಪಟ್ಟಿಯೊಂದರಲ್ಲಿ ಕಟ್ಟಿಹಾಕಿದವು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಅನಂತರ ಬಡಾವಣೆಗಳ ಚಹರೆ ಬೇಗ ಬದಲಾಯಿತು. ಹೈಡ್ ಪಾರ್ಕ್ ಮತ್ತು ಕೆನ್‌ವುಡ್‌ಗಳಲ್ಲಿ ಪ್ರಾಧ್ಯಾಪಕರು, ವಕೀಲರು, ಅನುಕೂಲಸ್ಥ ಕಪ್ಪು ಕುಟುಂಬಗಳು ಅಕ್ಕಪಕ್ಕದಲ್ಲಿ ನೆಲೆಸಿದರೆ, ಪಶ್ಚಿಮದ ಎಂಗಲ್‌ವುಡ್‌ನಂಥ ಕಡೆಗಳಲ್ಲಿ ಕಡುಬಡತನ ಉಳಿಯಿತು. ಇಡೀ ಪ್ರದೇಶ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಗೆ ಇಲ್ಲಿ ಗೆಲ್ಲುವ ಆಸೆಯೇ ಇರುವುದಿಲ್ಲ. ಆದ್ದರಿಂದ ನಿಜವಾದ ಪೈಪೋಟಿ ಮಾರ್ಚ್ ತಿಂಗಳಲ್ಲಿ, ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ನಡೆಯಬೇಕು. ಅದೂ ಇಲ್ಲಿ ನಡೆಯದೆ ಹೋದ ಸಂದರ್ಭವಿದೆ.

ಗೆರೆ ಎಳೆಯುವವರು ಯಾರು?

ಕ್ಷೇತ್ರಗಳ ಗಡಿಯನ್ನು ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ನಂತರ, ಹೊಸದಾಗಿ ಎಳೆಯಬೇಕೆಂಬುದು ನಿಯಮ. ಇಲಿನಾಯ್ ಇದನ್ನು ದೀರ್ಘಕಾಲ ಮುರಿಯಿತು. 1901ರಲ್ಲಿ ಎಳೆದ ಗೆರೆಗಳನ್ನೇ 1950ರ ದಶಕದವರೆಗೆ ಇಟ್ಟುಕೊಳ್ಳಲಾಯಿತು. ಆ ಅರ್ಧ ಶತಮಾನದಲ್ಲಿ ಶಿಕಾಗೊ ಹಿಗ್ಗಿ ಮಹಾನಗರವಾಗಿತ್ತು. ಗೆರೆ ಬದಲಾದರೆ ಅಧಿಕಾರವೆಲ್ಲ ನಗರದ ಪಾಲಾಗುತ್ತದೆಂದು ಗ್ರಾಮೀಣ ಭಾಗದ ಶಾಸಕರು ಮರುವಿಂಗಡಣೆಯನ್ನು ತಡೆಹಿಡಿದರು. ರಾಜ್ಯ ಶಾಸನಸಭೆಗಳ ಎರಡೂ ಮನೆಗಳ ಕ್ಷೇತ್ರಗಳಲ್ಲಿ ಜನಸಂಖ್ಯೆ ಸಮಾನವಾಗಿರಲೇಬೇಕು ಎಂದು 1964ರ ಜೂನ್ 15ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ಈ ಆಟ ದೇಶದಾದ್ಯಂತ ನಿಂತಿತು.

ಅದೇ ವರ್ಷ ಇಲಿನಾಯ್‌ನಲ್ಲಿ ನಡೆದ ಕೆಳಮನೆಯ ಚುನಾವಣೆಯನ್ನು ಅಲ್ಲಿನ ಹಿರಿಯರು ಇಂದಿಗೂ ‘ಹಾಸಿಗೆ ಹೊದಿಕೆಯ ಮತಪತ್ರ’ದ ಚುನಾವಣೆ ಎಂದು ಕರೆಯುತ್ತಾರೆ. ಮರುವಿಂಗಡಣೆಗಾಗಿ ಶಾಸಕರು ತಂದ ಮಸೂದೆಯನ್ನು ರಾಜ್ಯಪಾಲರು ತಿರಸ್ಕರಿಸಿದ್ದರು, ಗೆರೆ ಎಳೆಯಬೇಕಿದ್ದ ಆಯೋಗವೂ ಒಮ್ಮತಕ್ಕೆ ಬಂದಿರಲಿಲ್ಲ. ಕ್ಷೇತ್ರಗಳೇ ಇಲ್ಲದ್ದರಿಂದ ಕೆಳಮನೆಯ ಆಗಿನ 177 ಸ್ಥಾನಗಳಿಗೂ ಇಡೀ ರಾಜ್ಯವನ್ನೇ ಒಂದು ಕ್ಷೇತ್ರವೆಂದು ಪರಿಗಣಿಸಿ ಮತದಾನ ಮಾಡಿಸಬೇಕಾಯಿತು. ಎರಡೂ ಪಕ್ಷಗಳು ತಲಾ 118 ಅಭ್ಯರ್ಥಿಗಳನ್ನು ನಿಲ್ಲಿಸಿದವು. 236 ಹೆಸರುಗಳನ್ನು ಹೊತ್ತ ಕಾಗದ ಮತಗಟ್ಟೆಯಲ್ಲಿ ಬಿಡಿಸಿ ಹಾಸಬೇಕಾದಷ್ಟು ದೊಡ್ಡದಾಗಿತ್ತು. ಡೆಮಾಕ್ರಟಿಕ್ ಪಕ್ಷದ 118 ಜನರೂ ಗೆದ್ದರು. ಗೆರೆಗಳಿಲ್ಲದಿದ್ದರೆ ಪ್ರಾತಿನಿಧ್ಯ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

1970ರ ರಾಜ್ಯ ಸಂವಿಧಾನ ಹೊಸ ವಿಧಾನವೊಂದನ್ನು ರೂಪಿಸಿತು. ಜೂನ್ 30ರೊಳಗೆ ಶಾಸನಸಭೆ ನಕ್ಷೆಯನ್ನು ಅಂಗೀಕರಿಸದಿದ್ದರೆ ಎಂಟು ಜನರ ಆಯೋಗ ರಚನೆಯಾಗುತ್ತದೆ. ಒಂದೇ ಪಕ್ಷದವರು ಅದರಲ್ಲಿ ನಾಲ್ವರಿಗಿಂತ ಹೆಚ್ಚು ಇರುವಂತಿಲ್ಲ. ಆಯೋಗ ಸಮಸಮವಾಗಿ ಒಡೆದರೆ ರಾಜ್ಯದ ಸುಪ್ರೀಂ ಕೋರ್ಟ್ ಎರಡು ಪಕ್ಷಗಳಿಂದ ಒಬ್ಬೊಬ್ಬರ ಹೆಸರು ಸೂಚಿಸುತ್ತದೆ, ಚೀಟಿ ಎತ್ತಿ ಅವರಲ್ಲೊಬ್ಬರನ್ನು ಒಂಬತ್ತನೆಯ ಸದಸ್ಯರನ್ನಾಗಿ ಮಾಡಲಾಗುತ್ತದೆ. ಎಲ್ಲವನ್ನೂ ಕಳೆದುಕೊಳ್ಳುವ ಭಯದಿಂದ ಪಕ್ಷಗಳು ರಾಜಿಯಾಗುತ್ತವೆ ಎಂಬುದು ಸಂವಿಧಾನ ಬರೆದವರ ಎಣಿಕೆ. ಆದದ್ದು ಬೇರೆ. 1981, 1991 ಮತ್ತು 2001ರಲ್ಲಿ, ಸತತ ಮೂರು ಬಾರಿ, ಪಕ್ಷಗಳು ರಾಜಿಗಿಂತ ಜೂಜನ್ನೇ ಆರಿಸಿಕೊಂಡವು. ಮೊದಲ ಮತ್ತು ಮೂರನೆಯ ಸಲ ಡೆಮಾಕ್ರಟಿಕ್ ಪಕ್ಷಕ್ಕೂ ನಡುವಿನದರಲ್ಲಿ ರಿಪಬ್ಲಿಕನ್ ಪಕ್ಷಕ್ಕೂ ಅದೃಷ್ಟ ಒಲಿಯಿತು. 2001ರಲ್ಲಿ ಚೀಟಿ ಎತ್ತಿದ್ದು ಅಬ್ರಹಾಂ ಲಿಂಕನ್ ಧರಿಸುತ್ತಿದ್ದಂಥ ಎತ್ತರದ ಟೋಪಿಯೊಳಗಿಂದ. ಕೋಟ್ಯಂತರ ಜನರ ಪ್ರಾತಿನಿಧ್ಯವನ್ನು ಹತ್ತು ವರ್ಷಗಳ ಕಾಲ ಒಂದು ಚೀಟಿಗೆ ಒಪ್ಪಿಸುವುದು ಯಾವ ರೀತಿಯಲ್ಲೂ ಸಮರ್ಥನೀಯವಲ್ಲ.

ಭಾರತದಲ್ಲಿ ಈ ಕೆಲಸವನ್ನು ಸುಪ್ರೀಂ ಕೋರ್ಟ್‌ನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಮಾಡುತ್ತದೆ. ಅದರ ಆದೇಶವನ್ನು ಶಾಸನಸಭೆಗಳು ತಿದ್ದುವಂತಿಲ್ಲ. ಕರ್ನಾಟಕದ ಈಗಿನ ಕ್ಷೇತ್ರಗಳು 2001ರ ಜನಗಣತಿಯನ್ನು ಆಧರಿಸಿದ್ದು, 2008ರ ಚುನಾವಣೆಯಿಂದ ಜಾರಿಯಲ್ಲಿವೆ.

ನ್ಯೂಹೌಸ್ ಮತ್ತು ಪಾಮರ್

ಹೈಡ್ ಪಾರ್ಕ್ ಭಾಗವನ್ನು 1967ರಿಂದ 1991ರವರೆಗೆ, ಕ್ಷೇತ್ರದ ಸಂಖ್ಯೆ ಬದಲಾದರೂ, ವಕೀಲ ರಿಚರ್ಡ್ ನ್ಯೂಹೌಸ್ ಪ್ರತಿನಿಧಿಸಿದರು. ಶಿಕಾಗೊದ ಡೆಮಾಕ್ರಟಿಕ್ ಪಕ್ಷ ಆಗ ಮೇಯರ್ ರಿಚರ್ಡ್ ಡೇಲಿಯವರ ಬಿಗಿ ಹಿಡಿತದಲ್ಲಿತ್ತು. ಆ ಹಿಡಿತಕ್ಕೆ ಮಣಿಯದ ಸ್ವತಂತ್ರ ಮನೋಭಾವದವರ ತಾಣವೆಂದು ಹೈಡ್ ಪಾರ್ಕ್ ಹೆಸರಾಗಿತ್ತು. 1975ರಲ್ಲಿ ನ್ಯೂಹೌಸ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಡೇಲಿ ವಿರುದ್ಧವೇ ನಿಂತು ಸೋತರು. ಎಂಟು ವರ್ಷಗಳ ನಂತರ, 1983ರಲ್ಲಿ, ಇದೇ ಬಡಾವಣೆಯ ನಿವಾಸಿ ಹೆರಾಲ್ಡ್ ವಾಷಿಂಗ್ಟನ್ ನಗರದ ಮೊದಲ ಕಪ್ಪು ಮೇಯರ್ ಆದರು.

ನ್ಯೂಹೌಸ್ 1991ರಲ್ಲಿ ಸ್ಥಾನ ಬಿಟ್ಟಾಗ ಶಿಕ್ಷಣತಜ್ಞೆ ಆಲಿಸ್ ಪಾಮರ್ ಅವರನ್ನು ನೇಮಿಸಲಾಯಿತು.

1996: ಸಹಿಗಳು ನಿರ್ಧರಿಸಿದ ಚುನಾವಣೆ

1995ರಲ್ಲಿ ಆ ಭಾಗದ ಸಂಸತ್ ಸ್ಥಾನವೊಂದು ತೆರವಾಗುವ ಲಕ್ಷಣ ಕಂಡಾಗ ಪಾಮರ್ ಅದಕ್ಕೆ ಸ್ಪರ್ಧಿಸಲು ನಿರ್ಧರಿಸಿದರು. ಅವರ ಬೆಂಬಲದೊಂದಿಗೆ, 34 ವರ್ಷದ ವಕೀಲ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕಾನೂನು ಬೋಧಿಸುತ್ತಿದ್ದ ಒಬಾಮ ಸೆನೆಟ್ ಸ್ಥಾನಕ್ಕೆ ತಮ್ಮ ಉಮೇದುವಾರಿಕೆಯನ್ನು ಸೆಪ್ಟೆಂಬರಿನಲ್ಲಿ ಘೋಷಿಸಿದರು. ನವೆಂಬರ್ 28ರ ಸಂಸತ್ ಪ್ರಾಥಮಿಕ ಚುನಾವಣೆಯಲ್ಲಿ ಜೆಸ್ಸಿ ಜಾಕ್ಸನ್ ಜೂನಿಯರ್ ಗೆದ್ದರು, ಪಾಮರ್ ಮೂರನೇ ಸ್ಥಾನಕ್ಕೆ ಕುಸಿದರು. ಪಾಮರ್ ಬೆಂಬಲಿಗರು, ಹಳೆಯ ಸ್ಥಾನವನ್ನು ಅವರಿಗೇ ಬಿಟ್ಟುಕೊಡುವಂತೆ ಒಬಾಮರನ್ನು ಕೇಳಿದರು. ಒಬಾಮ ಒಪ್ಪಲಿಲ್ಲ.

ಇಲ್ಲಿ ನಾಮಪತ್ರದ ಪದ್ಧತಿಯನ್ನು ತಿಳಿಯಬೇಕು. ಭಾರತದಲ್ಲಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು, ಉಳಿದವರಿಗೆ ಹತ್ತು ಸೂಚಕರು ಬೇಕು. ಪಕ್ಷದ ಟಿಕೆಟನ್ನು ನಾಯಕರು ಹಂಚುತ್ತಾರೆ. ಇಲಿನಾಯ್‌ನಲ್ಲಿ ಟಿಕೆಟ್ ಹಂಚುವವರಿಲ್ಲ. ಅಭ್ಯರ್ಥಿ ಮನೆಮನೆಗೆ, ಬೀದಿಮೂಲೆಗಳಿಗೆ ಜನರನ್ನು ಕಳಿಸಿ ನೂರಾರು ಮತದಾರರ ಸಹಿ ಸಂಗ್ರಹಿಸಬೇಕು. ಸಹಿ ಹಾಕಿದವರು ಅದೇ ಕ್ಷೇತ್ರದ ನೋಂದಾಯಿತ ಮತದಾರರಾಗಿರಬೇಕು, ವಿಳಾಸ ಮತದಾರರ ಪಟ್ಟಿಗೆ ತಾಳೆಯಾಗಬೇಕು. 1996ರಲ್ಲಿ ಈ ಸ್ಥಾನಕ್ಕೆ ಬೇಕಿದ್ದದ್ದು 757 ಸಿಂಧು ಸಹಿಗಳು. ಯಾವುದೇ ಮತದಾರ ಇನ್ನೊಬ್ಬರ ಸಹಿಗಳಿಗೆ ಆಕ್ಷೇಪಣೆ ಸಲ್ಲಿಸಬಹುದು.

ಒಬಾಮ ಮೂರು ಸಾವಿರಕ್ಕೂ ಹೆಚ್ಚು ಸಹಿಗಳೊಂದಿಗೆ ಡಿಸೆಂಬರ್ 11ರಂದೇ ನಾಮಪತ್ರ ಸಲ್ಲಿಸಿದ್ದರು. ಪಾಮರ್ ಕಡೆಯವರಿಗೆ ಸಿಕ್ಕಿದ್ದು ಕೆಲವೇ ದಿನ. ಕೊನೆಯ ದಿನವಾದ ಡಿಸೆಂಬರ್ 18ರಂದು ಅವರು 1,580 ಸಹಿಗಳನ್ನು ಒಪ್ಪಿಸಿದರು. ಒಬಾಮರ ಕಾರ್ಯಕರ್ತರು ಚುನಾವಣಾ ಮಂಡಳಿಯಲ್ಲಿ ಕುಳಿತು ಒಂದೊಂದು ಹಾಳೆಯನ್ನೂ ಮತದಾರರ ಪಟ್ಟಿಯೊಂದಿಗೆ ಹೋಲಿಸಿದರು. ಕೆಲವರ ಮನೆ ಕ್ಷೇತ್ರದ ಹೊರಗಿತ್ತು. ಕೆಲವರು ನೋಂದಾಯಿಸಿಯೇ ಇರಲಿಲ್ಲ. ಕೂಡಕ್ಷರದಲ್ಲಿ ಸಹಿ ಮಾಡಬೇಕಾದಲ್ಲಿ ಕೆಲವರು ಹೆಸರನ್ನು ಬಿಡಿಬಿಡಿ ಅಚ್ಚಕ್ಷರದಲ್ಲಿ ಬರೆದಿದ್ದರು. ಪಾಮರ್ ಹಾಳೆಗಳ ಸುಮಾರು ಮೂರನೇ ಎರಡರಷ್ಟು ಸಹಿಗಳು ಉರುಳಿದವು. ಕನಿಷ್ಠ ಸಂಖ್ಯೆಗೆ ಸುಮಾರು 200 ಸಹಿ ಕಡಿಮೆಯಾದ್ದರಿಂದ ಜನವರಿಯಲ್ಲಿ ಅವರು ಹಿಂದೆ ಸರಿದರು. ಕಣದಲ್ಲಿದ್ದ ಇತರ ಮೂವರ ಗತಿಯೂ ಅದೇ ಆಯಿತು. ಮಾರ್ಚ್ 19ರ ಪ್ರಾಥಮಿಕ ಚುನಾವಣೆಯ ಮತಪತ್ರದಲ್ಲಿ ಉಳಿದದ್ದು ಒಬಾಮ ಹೆಸರೊಂದೇ. ನವೆಂಬರಿನಲ್ಲಿ ಅವರು ಶೇ 82ರಷ್ಟು ಮತ ಪಡೆದು ಗೆದ್ದರು.

ನಡೆದದ್ದೆಲ್ಲ ಕಾನೂನಿನ ಚೌಕಟ್ಟಿನೊಳಗೇ ಇತ್ತು. ನಕಲಿ ಸಹಿಗಳನ್ನು ತಡೆಯಲು ನಿಯಮ ಬೇಕೂ ಹೌದು. ಆದರೆ ಹಾಲಿ ಸೆನೆಟರ್ ಮತ್ತು ಹೊಸಬರ ನಡುವೆ ಆರಿಸುವ ಅವಕಾಶ ಮತದಾರರಿಗೆ ಸಿಗಲೇ ಇಲ್ಲ.

2001ರ ಹೊಸ ನಕ್ಷೆ

ರಿಪಬ್ಲಿಕನ್ನರ ಚೀಟಿ ಎದ್ದ 1991ರ ನಕ್ಷೆಯಲ್ಲಿ 13ನೇ ಕ್ಷೇತ್ರ ಹೈಡ್ ಪಾರ್ಕ್‌ನಿಂದ ಪಶ್ಚಿಮಕ್ಕೆ ಎಂಗಲ್‌ವುಡ್ ಮತ್ತು ಶಿಕಾಗೊ ಲಾನ್ ಕಡೆ ಚಾಚಿಕೊಂಡಿತ್ತು. ಕಪ್ಪು ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ಒತ್ತೊತ್ತಾಗಿ ತುಂಬಿದರೆ ಸುತ್ತಲಿನ ಕ್ಷೇತ್ರಗಳಲ್ಲಿ ಡೆಮಾಕ್ರಟಿಕ್ ಮತಗಳು ತೆಳುವಾಗುತ್ತವೆ ಎಂಬುದು ಇಂಥ ನಕ್ಷೆಗಳ ಹಿಂದಿನ ಲೆಕ್ಕ. ಈ ಕ್ಷೇತ್ರದಿಂದಲೇ ಒಬಾಮ 1998ರಲ್ಲಿ ಶೇ 89ರಷ್ಟು ಮತಗಳೊಂದಿಗೆ ಮರುಆಯ್ಕೆಯಾದರು. ಆದರೆ 2000ದ ಮಾರ್ಚ್‌ನಲ್ಲಿ ಸಂಸತ್ ಸದಸ್ಯ ಬಾಬಿ ರಷ್ ವಿರುದ್ಧ ಪ್ರಾಥಮಿಕ ಚುನಾವಣೆಯಲ್ಲಿ ನಿಂತು, ಎರಡಕ್ಕೆ ಒಂದರ ಅಂತರದಲ್ಲಿ ಸೋತರು.

ಮರುವರ್ಷ ಡೆಮಾಕ್ರಟಿಕ್ ಪಕ್ಷ ತನ್ನ ನಕ್ಷೆಯನ್ನು ಸಿದ್ಧಪಡಿಸುವಾಗ ಒಬಾಮ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ತಮ್ಮ ಕ್ಷೇತ್ರದ ಗೆರೆಗಳನ್ನು ತಾವೇ ತಿದ್ದಿಸಿದರು. ಹೈಡ್ ಪಾರ್ಕ್ ಒಳಗೇ ಉಳಿಯಿತು. ಪಶ್ಚಿಮದ ಬಡ ಬಡಾವಣೆಗಳ ಬದಲು ಕ್ಷೇತ್ರ ಸರೋವರದ ಅಂಚಿನಲ್ಲಿ ಉತ್ತರಕ್ಕೆ, ನಗರದ ವ್ಯಾಪಾರ ಕೇಂದ್ರವನ್ನು ದಾಟಿ ಗೋಲ್ಡ್ ಕೋಸ್ಟ್ ಎಂಬ ಸಿರಿವಂತರ ಬಡಾವಣೆಯವರೆಗೆ ನೀಳವಾಗಿ ಬೆಳೆಯಿತು. ಕಪ್ಪು ಮತದಾರರ ಬಹುಮತ ಹಾಗೆಯೇ ಉಳಿದರೂ ಶ್ರೀಮಂತ ದೇಣಿಗೆದಾರರು, ಪ್ರಭಾವಿ ಬಿಳಿಯ ಉದಾರವಾದಿಗಳು ಹೊಸದಾಗಿ ಅವರ ಮತದಾರರಾದರು. 2004ರ ಅಮೆರಿಕ ಸೆನೆಟ್ ಚುನಾವಣೆಗೆ ಬೇಕಾದ ಹಣ ಮತ್ತು ಸಂಪರ್ಕಗಳ ಬುನಾದಿ ಈ ನೆರೆಹೊರೆಯಲ್ಲೇ ಬಿದ್ದಿತು. ಮತದಾರರು ಪ್ರತಿನಿಧಿಯನ್ನು ಆರಿಸುವ ಬದಲು ಪ್ರತಿನಿಧಿಯೇ ಮತದಾರರನ್ನು ಆರಿಸಿಕೊಂಡ ಸಂದರ್ಭವಿದು. ಆಳುವ ಪಕ್ಷ ಯಾವುದಿದ್ದರೂ ಅಮೆರಿಕದ ಹಲವು ರಾಜ್ಯಗಳಲ್ಲಿ ಇದೇ ರೂಢಿ. 2002ರಲ್ಲಿ ಒಬಾಮ ಅವಿರೋಧವಾಗಿ ಗೆದ್ದರು.

ತೆರವಾದ ಸ್ಥಾನಕ್ಕೆ ನೇಮಕ

2004ರ ನವೆಂಬರ್ 2ರಂದು ಒಬಾಮ ಅಮೆರಿಕದ ಸೆನೆಟ್‌ಗೆ ಆಯ್ಕೆಯಾಗಿ, ಎರಡು ದಿನಗಳ ನಂತರ ರಾಜ್ಯ ಸೆನೆಟ್‌ಗೆ ರಾಜೀನಾಮೆ ಕೊಟ್ಟರು. ಭಾರತದಲ್ಲಾಗಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕಿತ್ತು. ಇಲಿನಾಯ್‌ನಲ್ಲಿ ಸ್ಥಾನ ತೆರವಾದ 30 ದಿನಗಳೊಳಗೆ, ಹಿಂದಿನ ಸದಸ್ಯರ ಪಕ್ಷದವರೇ ಆದ ವಾರ್ಡ್ ಸಮಿತಿಗಳ ಮುಖಂಡರು ಕೂಡಿ ಉತ್ತರಾಧಿಕಾರಿಯನ್ನು ನೇಮಿಸುತ್ತಾರೆ. ಹೀಗೆ ಬಂದವರು ಹೈಟಿಯಿಂದ ವಲಸೆ ಬಂದ ದಂಪತಿಯ ಮಗ, ವಕೀಲ ಕ್ವಾಮೆ ರೌಲ್. ಅವರು 2018ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ಆಯ್ಕೆಯಾದಾಗ ಸ್ಥಾನ ಮತ್ತೆ ತೆರವಾಯಿತು. 2019ರ ಜನವರಿಯಲ್ಲಿ ರಾಬರ್ಟ್ ಪೀಟರ್ಸ್ ನೇಮಕಗೊಂಡರು.

ಪಾಮರ್, ಒಬಾಮ, ರೌಲ್, ಪೀಟರ್ಸ್ ಎಂಬ ನಾಲ್ವರಲ್ಲಿ ಮೂವರು ಮೊದಲು ಒಳಗೆ ಬಂದದ್ದು ನೇಮಕದಿಂದ. ಒಬಾಮ ಬಂದದ್ದು ಎದುರಾಳಿಯಿಲ್ಲದ ಪ್ರಾಥಮಿಕ ಚುನಾವಣೆಯಿಂದ. ನೇಮಕಗೊಂಡವರು ನಂತರ ಮತದಾರರ ಮುಂದೆ ಹೋಗಿ ಗೆದ್ದರು ನಿಜ, ಆದರೆ ಆಗ ಅವರು ಹಾಲಿ ಸದಸ್ಯರೆಂಬ ಬಲದೊಂದಿಗೆ ಹೋಗಿದ್ದರು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಸ್ಥಾನದ ಕೆಲಸ

ಒಳಗೆ ಬಂದ ದಾರಿ ಹೇಗೇ ಇರಲಿ, ಈ ಕ್ಷೇತ್ರದ ಪ್ರತಿನಿಧಿಗಳು ಮಾಡಿದ ಕೆಲಸ ಹಗುರವಾದದ್ದಲ್ಲ. ಒಬಾಮ, ರೌಲ್, ಪೀಟರ್ಸ್ ಮೂವರ ಕೆಲಸದಲ್ಲೂ ಹರಿದುಬಂದ ಒಂದು ಎಳೆ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆ. 1977ರಲ್ಲಿ ಇಲಿನಾಯ್ ಮರಣದಂಡನೆಯನ್ನು ಮತ್ತೆ ಜಾರಿಗೆ ತಂದ ಮೇಲೆ 12 ಜನರಿಗೆ ಆ ಶಿಕ್ಷೆ ಜಾರಿಯಾಗಿತ್ತು. ಅದೇ ಅವಧಿಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ 13 ಜನರ ಶಿಕ್ಷೆ ರದ್ದಾಗಿ ಅವರು ಬಿಡುಗಡೆಯಾಗಿದ್ದರು. ಬೆಚ್ಚಿಬಿದ್ದ ರಾಜ್ಯಪಾಲ ಜಾರ್ಜ್ ರಯಾನ್ 2000ದಲ್ಲಿ ಶಿಕ್ಷೆಯ ಜಾರಿಯನ್ನು ತಡೆಹಿಡಿದರು. ಒಬಾಮ ಮುಂದಿಟ್ಟ ಮಸೂದೆಯ ಫಲವಾಗಿ 2003ರಲ್ಲಿ, ಕೊಲೆ ಪ್ರಕರಣಗಳ ಆರೋಪಿಗಳನ್ನು ಪೊಲೀಸರು ಪ್ರಶ್ನಿಸುವುದನ್ನು ಧ್ವನಿ-ದೃಶ್ಯ ಮುದ್ರಿಸಿಕೊಳ್ಳುವುದು ಕಡ್ಡಾಯವಾಯಿತು. ಶಾಸನದ ಮೂಲಕ ಹೀಗೆ ಮಾಡಿದ ಮೊದಲ ಅಮೆರಿಕನ್ ರಾಜ್ಯ ಇಲಿನಾಯ್. ಮರಣದಂಡನೆಯನ್ನೇ ರದ್ದುಮಾಡುವ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದವರು ರೌಲ್, ಅದು 2011ರ ಮಾರ್ಚ್ 9ರಂದು ಕಾನೂನಾಯಿತು. ಹಣ ಕಟ್ಟಿದವರಿಗೆ ಮಾತ್ರ ಜಾಮೀನು ಎಂಬ ಪದ್ಧತಿಯ ವಿರುದ್ಧದ ಹೋರಾಟದಲ್ಲಿ ಪೀಟರ್ಸ್ ಮುಂಚೂಣಿಯಲ್ಲಿದ್ದರು. 2023ರ ಸೆಪ್ಟೆಂಬರ್ 18ರಿಂದ ಇಲಿನಾಯ್ ಈ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಟ್ಟಿದೆ. ಹೀಗೆ ಮಾಡಿದ ಮೊದಲ ರಾಜ್ಯವೂ ಅದೇ.

ಕ್ಷೇತ್ರದ ಒಳಗಿನ ಕೆಳಮನೆ ಸ್ಥಾನದಿಂದ ಬಂದ ಬಾರ್ಬರಾ ಫ್ಲಿನ್ ಕರಿ 1979ರಿಂದ ನಲವತ್ತು ವರ್ಷ ಶಾಸಕಿಯಾಗಿದ್ದರು. ರಾಜ್ಯದ ಕೆಳಮನೆಯಲ್ಲಿ ಬಹುಮತದ ಪಕ್ಷದ ನಾಯಕಿಯಾದ ಮೊದಲ ಮಹಿಳೆ ಅವರು. ಅಧ್ಯಕ್ಷರಾಗಿ ಆಯ್ಕೆಯಾದ ಒಬಾಮ ಬಿಟ್ಟುಹೋದ ಅಮೆರಿಕ ಸೆನೆಟ್ ಸ್ಥಾನವನ್ನು ಮಾರಲು ಯತ್ನಿಸಿದ ಆರೋಪ ರಾಜ್ಯಪಾಲ ರಾಡ್ ಬ್ಲಾಗೊಯೆವಿಚ್ ಮೇಲೆ ಬಂದಾಗ, ವಿಚಾರಣಾ ಸಮಿತಿಯ ಅಧ್ಯಕ್ಷತೆ ವಹಿಸಿದ್ದು ಕರಿ. 2009ರ ಜನವರಿ 29ರಂದು ರಾಜ್ಯ ಸೆನೆಟ್ 59–0 ಮತಗಳಿಂದ ಆ ರಾಜ್ಯಪಾಲರನ್ನು ಪದಚ್ಯುತಗೊಳಿಸಿತು.

ಇಂದಿನ ನಕ್ಷೆ

2011 ಮತ್ತು 2021ರಲ್ಲಿ ಶಾಸನಸಭೆ ಹಾಗೂ ರಾಜ್ಯಪಾಲರ ಹುದ್ದೆ ಎರಡೂ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿದ್ದವು. ಹಾಗಾಗಿ ಆಯೋಗದ ಅಗತ್ಯವೂ ಬೀಳಲಿಲ್ಲ, ಚೀಟಿಯ ಪ್ರಮೇಯವೂ ಬರಲಿಲ್ಲ. 2011ರಲ್ಲಿ ಸೆನೆಟ್‌ನ ಮರುವಿಂಗಡಣಾ ಸಮಿತಿಯ ಅಧ್ಯಕ್ಷರಾಗಿದ್ದವರು 13ನೇ ಕ್ಷೇತ್ರದ ರೌಲ್ ಅವರೇ. 2021ರಲ್ಲಿ ಜನಗಣತಿಯ ಅಂಕಿಅಂಶಗಳು ತಡವಾದ ಕಾರಣ ಅಂದಾಜುಗಳನ್ನು ಆಧರಿಸಿ ಮೊದಲ ನಕ್ಷೆ ತಯಾರಿಸಲಾಯಿತು. ನಿಜವಾದ ಅಂಕಿಗಳು ಬಂದ ಮೇಲೆ ಅದನ್ನು ಬದಲಿಸಬೇಕಾಯಿತು. ಸೆಪ್ಟೆಂಬರಿನಲ್ಲಿ ಕಾನೂನಾದ ತಿದ್ದಿದ ನಕ್ಷೆಯನ್ನು ಫೆಡರಲ್ ನ್ಯಾಯಾಲಯ ವರ್ಷಾಂತ್ಯದಲ್ಲಿ ಎತ್ತಿಹಿಡಿಯಿತು. ಎಲ್ಲ 59 ಸ್ಥಾನಗಳಿಗೆ 2022ರಲ್ಲಿ ನಡೆದ ಚುನಾವಣೆಯಲ್ಲಿ ಪೀಟರ್ಸ್ 13ನೇ ಕ್ಷೇತ್ರವನ್ನು ಉಳಿಸಿಕೊಂಡರು. ಮುಂದಿನ ಗೆರೆಗಳನ್ನು 2030ರ ಜನಗಣತಿಯ ನಂತರ, 2031ರಲ್ಲಿ ಎಳೆಯಬೇಕು. ಹೊಸ ಗೆರೆಗಳೊಳಗಿನ ಮೊದಲ ಮತದಾನ 2032ರಲ್ಲಿ ನಡೆಯಲಿದೆ.